ಮಗಳ ಸಮಾನ

ಡಿಡ್ಸ್‌ಬರಿ, ಮ್ಯಾಂಚೆಸ್ಟರ್
12 ಆಗಸ್ಟ್ 2025

ಮಗಳ ಸಮಾನಳಾದ ಚಿ. ನೀಲಮ್ಮಳಿಗೆ ಡಾ. ಪಂಚಾಕ್ಷರಿ ಮಾಡುವ ಆಶೀರ್ವಾದಗಳು.

ನಾನೂ ಶೋಭಾಳೂ ಆರಾಮ ಇದ್ದೇವೆ. ಅವಳ ಮೊಣಕಾಲು ಅವಳ ಮಾತು ಕೇಳುವುದಿಲ್ಲ, ಅವಳು ನನ್ನ ಮಾತು ಕೇಳುವುದಿಲ್ಲ, ಇಷ್ಟೇ ತಕರಾರು.

ಫೋನ್ ಇರುವಾಗ ಅಪ್ಪಾವರು ಅಂಚೆಯಲ್ಲಿ ಯಾಕೆ ಬರೆದರು ಅಂತ ನಗಬೇಡ. ಬರುವ ಜುಲೈ ನಾಲ್ಕಕ್ಕೆ ಅಮೆರಿಕ ಸ್ವಾತಂತ್ರ್ಯ ಸಾರಿ ಇನ್ನೂರೈವತ್ತು ವರ್ಷವಾಗುತ್ತದೆ. ಆ ದೇಶ ಕಟ್ಟಿದ ವಾಷಿಂಗ್ಟನ್, ಆ್ಯಡಮ್ಸ್, ಜೆಫರ್ಸನ್, ಫ್ರಾಂಕ್ಲಿನ್ ಇವರ ಬಗ್ಗೆ ನಾನು ಬರೆಯುತ್ತಿರುವ ‘ಹೊಸ ನಾಡು ಕಟ್ಟಿದವರು’ ಅಂದೇ ಬಿಡುಗಡೆಯಾಗಬೇಕೆಂದು ಬರ್ಮಿಂಗ್‌ಹ್ಯಾಮಿನ ಕನ್ನಡ ಸಂಘದವರು ಹಟ ಹಿಡಿದಿದ್ದಾರೆ. ಆ ಹಿರಿಯರು ಜಗಳ, ಪ್ರೀತಿ, ಹಲ್ಲುನೋವು ಎಲ್ಲವನ್ನೂ ಪತ್ರದಲ್ಲೇ ಹೇಳಿಕೊಂಡವರು. ವಾಟ್ಸಾಪಿನಲ್ಲಿ ಬರೆದದ್ದು ಗಾಳಿಗೆ ಹೋಗುತ್ತದೆ. ನಾವೂ ಪುಸ್ತಕ ಮುಗಿಯುವವರೆಗೆ ಪತ್ರವನ್ನೇ ಬರೆಯೋಣ.

ಮೊದಲ ಮೂರು ಅಧ್ಯಾಯ ಇದರ ಜೊತೆ ಇಟ್ಟಿದ್ದೇನೆ. ಸಂಘದ ವಾರ್ಷಿಕ ಸಂಚಿಕೆಗೆ ಮಾಡಿಕೊಡುವ ಹಾಗೆ ಚೆಂದಾಗಿ ಟೈಪ್ ಮಾಡಿಕೊಡು. ತಪ್ಪು ಕಂಡರೆ ನೀನೇ ತಿದ್ದಿಬಿಡು, ಪ್ರತಿಯೊಂದಕ್ಕೂ ನನ್ನನ್ನು ಕೇಳುತ್ತ ಕೂರಬೇಡ.

ಎರಡನೇ ಅಧ್ಯಾಯ ನಿನಗೆ ಹಿಡಿಸುತ್ತದೆ. ಆ್ಯಡಮ್ಸ್ ಮತ್ತು ಜೆಫರ್ಸನ್ ಒಂದೇ ಗಾಡಿಯಲ್ಲಿ ನಿಮ್ಮ ಕಡೆಯೇ, ಬರ್ಮಿಂಗ್‌ಹ್ಯಾಮ್, ವೂಸ್ಟರ್ ಅಂತ ತಿರುಗಾಡಿದ್ದರು. ವೂಸ್ಟರಿನ ಜನಕ್ಕೆ ತಮ್ಮ ಊರಲ್ಲೇ ಸ್ವಾತಂತ್ರ್ಯಕ್ಕಾಗಿ ಯುದ್ಧ ನಡೆದದ್ದು ಗೊತ್ತಿಲ್ಲವೆಂದು ಆ್ಯಡಮ್ಸ್‌ಗೆ ಪಿತ್ತ ನೆತ್ತಿಗೇರಿ, ನಿಂತಲ್ಲೇ ಅವರಿಗೆ ಪಾಠ ಹೇಳಿದನಂತೆ. ಪಕ್ಕದ ಮನೆಯಲ್ಲಿ ಏನು ನಡೆದಿದೆ ಅಂತ ತಿಳಿದುಕೊಳ್ಳುವ ಕುತೂಹಲವೂ ಇಲ್ಲದ ಜನ ಆಗಲೂ ಇದ್ದರು ನೋಡು.

ಅಮೂಲ್ಯಾಳಿಗೆ ಆಶೀರ್ವಾದ.
ಪಂಚಾಕ್ಷರಿ

ತಾ.ಕ.: ನಿನ್ನ ಶೇಂಗಾ ಚಟ್ನಿಪುಡಿ ಮುಗಿದಿದೆಯಂತೆ. ಟೈಪ್ ಮಾಡಿದ ಹಾಳೆ ಕಳಿಸುವಾಗ ಅದನ್ನೂ ಇಡಬೇಕಂತೆ. ಶೋಭಾಳ ಆಜ್ಞೆ.


ವುಲ್ವರ್‌ಹ್ಯಾಂಪ್ಟನ್
2 ಸೆಪ್ಟೆಂಬರ್ 2025

ತೀರ್ಥರೂಪ ಸಮಾನರಾದ ಅಪ್ಪಾವರಿಗೆ ನೀಲಮ್ಮನ ಶರಣು ಶರಣಾರ್ಥಿಗಳು.

ಮೂರೂ ಅಧ್ಯಾಯ ಟೈಪ್ ಆಗಿವೆ. ಚಟ್ನಿಪುಡಿ ಎರಡು ಡಬ್ಬಿ ಇಟ್ಟಿದ್ದೇನೆ, ಒಂದರಲ್ಲಿ ಖಾರ ಕಡಿಮೆ ಹಾಕಿದ್ದೇನೆ, ಅದು ನಿಮಗೆ. ಆ್ಯಡಮ್ಸ್ ಬೈಯುವುದನ್ನು ಅಮೂಲ್ಯಾಳಿಗೆ ಓದಿ ಹೇಳಿದೆ. ಆಸ್ಪತ್ರೆಯಲ್ಲಿ ತನ್ನ ಮ್ಯಾನೇಜರ್ ಕೂಡ ಹೀಗೆಯೇ, ಡ್ಯೂಟಿಯ ಪಾಳಿ ಬದಲಾಯಿಸು ಅಂದರೆ ಭಾಷಣ ಮಾಡುತ್ತಾನೆ ಅಂತ ನಕ್ಕಳು.

ಅಪ್ಪಾವರೇ, ಒಂದು ಮಾತು ಕೇಳಬೇಕಿತ್ತು. ಲಕ್ಷ್ಮೇಶ್ವರದಲ್ಲಿ ಅವ್ವ ಮೇ ತಿಂಗಳಿಂದ ಹಾಸಿಗೆ ಹಿಡಿದಿದ್ದಾಳೆ. ನಾನು ಅವಳನ್ನು ಕಡೆಯದಾಗಿ ನೋಡಿದ್ದು ತೊಂಬತ್ತೊಂದರಲ್ಲಿ, ನಿಮ್ಮ ಜೊತೆಯೇ ಊರಿಗೆ ಹೋದಾಗ. ನನ್ನ ಪಾಸ್‌ಪೋರ್ಟ್ ನಿಮ್ಮ ಬೀರುವಿನಲ್ಲಿತ್ತು. ಆಮೇಲೆ ಕೇಳಿದಾಗ ‘ಸಿಗವಲ್ಲದು’ ಅಂತ ಶೋಭಾ ಅಕ್ಕಾವರು ಹೇಳಿದ್ದು ನಿಮಗೂ ನೆನಪಿರಬೇಕು. ಈಗ ಹೇಗೋ ಊರಿಗೆ ಹೋದರೂ ತಿರುಗಿ ಈ ದೇಶದೊಳಗೆ ಬಿಡುವುದಿಲ್ಲ. ಎಂಬತ್ತೆಂಟು ಮುಗಿಯುವುದರೊಳಗೆ ಬಂದು ಇಲ್ಲೇ ನೆಲೆಸಿದವರು ಅರ್ಜಿ ಹಾಕಿದರೆ ಕಾಗದ ಕೊಡುತ್ತಾರಂತೆ, ಆದರೆ ಬಂದದ್ದಕ್ಕೆ ಸಾಕ್ಷಿ ಬೇಕಂತೆ.

ನನ್ನ ಹತ್ತಿರ ಏನೂ ಇಲ್ಲ. ಸಾಲಿಗೆ ಹೋಗಲಿಲ್ಲ, ಯಾವ ಶಾಲೆಯ ಹಾಜರಿಯಲ್ಲೂ ಹೆಸರಿಲ್ಲ. ಮನೆಯಲ್ಲೇ ಡಾಕ್ಟರು ಇರುವಾಗ ಜಿಪಿ ದವಾಖಾನೆ ಯಾಕೆ ಅಂತ ಅಲ್ಲೂ ಬರೆಸಲಿಲ್ಲ. ಅಮೂಲ್ಯಾಳ ಅಪ್ಪ ಮಲ್ಲಪ್ಪನವರನ್ನು ಮದುವೆಯಾದ ಮೇಲಿನ ದಾಖಲೆಗಳು ಎಲ್ಲ ಇವೆ. ಅವನ್ನು ನೋಡಿದರೆ ನಾನು ತೊಂಬತ್ತೇಳರಲ್ಲಿ, ಇಪ್ಪತ್ತಾರು ವರ್ಷದವಳಾಗಿಯೇ ಹುಟ್ಟಿದ ಹಾಗಿದೆ.

‘ನೀಲಮ್ಮ 1984ರಿಂದ 1997ರವರೆಗೆ ನಮ್ಮ ಮನೆಯಲ್ಲಿದ್ದು ಕೆಲಸ ಮಾಡಿದಳು’ ಅಂತ ಒಂದು ಸಾಲು ಬರೆದು ಸಹಿ ಮಾಡಿಕೊಡಿ. ಅಷ್ಟು ಸಾಕು. ಅವ್ವನ ಮುಖ ಒಮ್ಮೆ ನೋಡಿಬರುತ್ತೇನೆ.

ನಿಮ್ಮ ಮಗಳ ಸಮಾನಳಾದ
ನೀಲಮ್ಮ


ಡಿಡ್ಸ್‌ಬರಿ
28 ಸೆಪ್ಟೆಂಬರ್ 2025

ಮಗಳ ಸಮಾನಳಾದ ಚಿ. ನೀಲಮ್ಮಳಿಗೆ ಆಶೀರ್ವಾದಗಳು.

ಭೇಷ್! ಅಚ್ಚಾದ ಪುಸ್ತಕದ ಹಾಗೇ ಇದೆ. ನನ್ನ ಅಕ್ಷರ ಓದಬಲ್ಲವರು ಈ ಭೂಮಿಯ ಮೇಲೆ ಇಬ್ಬರೇ, ನೀನು ಮತ್ತು ನಮ್ಮ ಹಳೇ ಆಸ್ಪತ್ರೆಯ ಫಾರ್ಮಸಿಸ್ಟ್. ಅವನು ತೀರಿಕೊಂಡ. ಚಟ್ನಿಪುಡಿ ಎರಡೂ ಡಬ್ಬಿ ಶೋಭಾಳೇ ಇಟ್ಟುಕೊಂಡಿದ್ದಾಳೆ.

ಒಂದು ಶಬ್ದಕ್ಕೆ ವಾರಗಟ್ಟಲೆ ತಿಣುಕಾಡಿದೆ. ಮನುಷ್ಯರೆಲ್ಲ ಸಮಾನರಾಗಿ ಹುಟ್ಟಿದ್ದಾರೆ ಅಂತ ಜೆಫರ್ಸನ್ ಬರೆದ ಸಾಲಿದೆಯಲ್ಲ, ಅದಕ್ಕೆ ‘ಒಂದೇ’ ಅನ್ನಲೋ, ‘ಸರಿಸಮ’ ಅನ್ನಲೋ, ‘ಸಮಾನ’ ಅನ್ನಲೋ? ಕೊನೆಗೆ ‘ಸಮಾನ’ವೇ ಗಂಭೀರ ಅನ್ನಿಸಿತು. ಉಚ್ಚರಿಸಿ ನೋಡು, ಬಾಯಿ ತುಂಬುತ್ತದೆ.

ನಾಲ್ಕನೇ ಅಧ್ಯಾಯ, ವಾಷಿಂಗ್ಟನ್ನನದು, ಕಳಿಸುತ್ತಿದ್ದೇನೆ. ಇದು ಪುಸ್ತಕದ ಹೃದಯ. ನಿಧಾನವಾಗಿ ಮಾಡು.

ನಿನ್ನ ತಾಯಿಗೆ ಬೇಗ ಆರಾಮಾಗಲಿ. ಆ ವಯಸ್ಸಿನಲ್ಲಿ ನೀರು ಹೆಚ್ಚು ಕುಡಿಯಬೇಕು ಅಂತ ಹೇಳು.

ಪಂಚಾಕ್ಷರಿ


ವುಲ್ವರ್‌ಹ್ಯಾಂಪ್ಟನ್
19 ಅಕ್ಟೋಬರ್ 2025

ತೀರ್ಥರೂಪ ಸಮಾನರಾದ ಅಪ್ಪಾವರಿಗೆ ಶರಣು.

ನೀರು ಕುಡಿಯಲು ಹೇಳಿದ್ದೇನೆ. ನಾನು ಕೇಳಿದ ಒಂದು ಸಾಲಿನ ಬಗ್ಗೆ ನೀವು ಏನೂ ಬರೆಯಲಿಲ್ಲ. ಹಾಳೆ ಎಲ್ಲೋ ಜಾರಿರಬಹುದು ಅಂದುಕೊಂಡು ಮತ್ತೆ ಕೇಳುತ್ತಿದ್ದೇನೆ: ನಿಮ್ಮ ಮನೆಯಲ್ಲಿದ್ದು ಕೆಲಸ ಮಾಡಿದೆ ಅಂತ ಬರೆದುಕೊಡಿ. ನನಗೆ ಬೇರೆ ಸಾಕ್ಷಿ ಇಲ್ಲ, ಅವ್ವನಿಗೆ ಬಹಳ ದಿನ ಇಲ್ಲ.

ನಾಲ್ಕನೇ ಅಧ್ಯಾಯ ಮುಗಿಯಿತು. ಅದರಲ್ಲಿ ಓನಾ ಎನ್ನುವ ಹುಡುಗಿ ಬರುತ್ತಾಳಲ್ಲ, ವಾಷಿಂಗ್ಟನ್ನನ ಹೆಂಡತಿಯ ಸೇವೆಗಿದ್ದ ಗುಲಾಮಳು. ಅವಳಿದ್ದ ಊರಿನ ಕಾಯಿದೆಯ ಪ್ರಕಾರ ಆರು ತಿಂಗಳು ಅಲ್ಲೇ ಉಳಿದ ಗುಲಾಮರಿಗೆ ಬಿಡುಗಡೆ ಸಿಗುತ್ತಿತ್ತು. ಹಾಗೆ ಸಿಗಬಾರದೆಂದು, ಆರು ತಿಂಗಳು ತುಂಬುವುದರೊಳಗೆ ಗಡಿ ದಾಟಿಸಿ ತರುತ್ತಿದ್ದರು ಅಂತ ಬರೆದಿದ್ದೀರಿ. ಒಂದು ದಿನ ಮನೆಯವರು ಊಟಕ್ಕೆ ಕೂತಾಗ ಅವಳು ಬಾಗಿಲು ದಾಟಿ ಹೋದಳು. ಆ ಸಾಲಿಗೆ ಬಂದಾಗ ನನ್ನ ಕೈ ನಿಂತಿತು. ತೊಂಬತ್ತೇಳರ ಪಾಡ್ಯದ ದಿನ ನಿಮಗೆಲ್ಲ ಹೋಳಿಗೆ ಬಡಿಸಿ, ತುಪ್ಪದ ಬಟ್ಟಲು ಮೇಜಿನ ಮೇಲಿಟ್ಟು, ನಾನೂ ಹಿಂದಿನ ಬಾಗಿಲಿಂದಲೇ ಮನೆ ಬಿಟ್ಟು ಹೋಗಿದ್ದೆ.

ಅದರ ಮುಂದೆ ನಿಮ್ಮ ಸಾಲು ಹೀಗಿದೆ: ‘ಆಳೆಂದು ಎಣಿಸದೆ ಮಗಳ ಸಮಾನಳಾಗಿ ಬೆಳೆಸಿದ ಹುಡುಗಿಯ ಕೃತಘ್ನತೆಯಿಂದ ಆ ಮಹಾನುಭಾವನಿಗೆ ಎಷ್ಟು ನೋವಾಗಿರಬೇಕು!’

ನನ್ನದೊಂದು ಸಂಶಯ. ಒಂದನೇ ಅಧ್ಯಾಯದಲ್ಲಿ ‘ಮನುಷ್ಯರೆಲ್ಲ ಸಮಾನರು’ ಅಂತಿದೆ. ಇಲ್ಲಿ ‘ಮಗಳ ಸಮಾನ’ ಅಂತಿದೆ. ಶಬ್ದ ಒಂದೇ. ಅಲ್ಲಿ ಸರಿಸಮ ಎಂದು ಅರ್ಥ, ಇಲ್ಲಿ ಮಗಳಲ್ಲ ಎಂದು ಅರ್ಥ. ಓದುವವರಿಗೆ ಗೊಂದಲ ಆಗುವುದಿಲ್ಲವೇ? ನೀವೇ ತಿದ್ದು ಅಂದಿದ್ದೀರಿ, ಆದರೆ ಇದನ್ನು ಹೇಗೆ ತಿದ್ದಬೇಕೋ ನನಗೆ ತಿಳಿಯಲಿಲ್ಲ.

ನೀಲಮ್ಮ


ಡಿಡ್ಸ್‌ಬರಿ
9 ನವೆಂಬರ್ 2025

ಮಗಳ ಸಮಾನಳಾದ ಚಿ. ನೀಲಮ್ಮಳಿಗೆ ಆಶೀರ್ವಾದಗಳು.

ಸಮಾನಕ್ಕೆ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ಓದುಗರು ದಡ್ಡರಲ್ಲ. ಹಾಗೇ ಇರಲಿ.

ನಿನ್ನ ಪತ್ರ ಜಾರಿರಲಿಲ್ಲ, ನಾನು ಯೋಚಿಸುತ್ತಿದ್ದೆ. ‘ಕೆಲಸ ಮಾಡಿದಳು’ ಅಂತ ಬರೆದುಕೊಡು ಅನ್ನುತ್ತೀ. ಮಗಳು ಮನೆಯಲ್ಲಿ ಕೆಲಸ ಮಾಡಿದಳು ಅಂತ ಯಾವ ತಂದೆ ಬರೆದುಕೊಡುತ್ತಾನೆ, ನೀನೇ ಹೇಳು! ನಿನಗೆ ಟೈಫಾಯ್ಡ್ ಬಂದಾಗ ರಜೆ ಹಾಕಿ ಪಕ್ಕದಲ್ಲಿ ಕೂತವನು ನಾನು. ಮುಂದೆ ನಿಂತು ಮಲ್ಲಪ್ಪನಿಗೆ ಮದುವೆ ಮಾಡಿಕೊಟ್ಟವರು ನಾವು. ಅದನ್ನೆಲ್ಲ ಕೂಲಿಯವಳ ಹಾಗೆ ಒಂದು ಸಾಲಿನಲ್ಲಿ ಬರೆಯಲು ನನ್ನ ಪೆನ್ನು ಏಳಲಿಲ್ಲ.

ಆದರೂ ನಿನ್ನ ಕೆಲಸ ಆಗಬೇಕಲ್ಲ. ಇಂಗ್ಲಿಷಿನಲ್ಲಿ ಒಂದು ಒಳ್ಳೆಯ ಪತ್ರ ಬರೆದು ಇಟ್ಟಿದ್ದೇನೆ. ನೀನು ನಮಗೆ ಮಗಳ ಹಾಗೆ, ಬಹಳ ಪ್ರಾಮಾಣಿಕಳು, ಎಂಬತ್ತರ ದಶಕದಲ್ಲಿ ನಮ್ಮ ಮನೆಯ ಅತಿಥಿಯಾಗಿ ಇರುತ್ತಿದ್ದೆ, ಇದೆಲ್ಲ ಅದರಲ್ಲಿದೆ. ನಮ್ಮ ನಿವೇದಿತಾ ಲೀಡ್ಸಿನಲ್ಲಿ ದೊಡ್ಡ ವಕೀಲೆ ಅಲ್ಲವೇ, ಅವಳೇ ಶಬ್ದ ಶಬ್ದ ನೋಡಿ ಸರಿಪಡಿಸಿದಳು. ‘ಹೀಗಿದ್ದರೆ ಅಪ್ಪನಿಗೂ ಏನೂ ತೊಂದರೆ ಇಲ್ಲ’ ಅಂದಳು.

ಐದು ಮತ್ತು ಆರು ಕಳಿಸಿದ್ದೇನೆ. ಫ್ರಾಂಕ್ಲಿನ್ ಬಹಳ ಮಜಾ ಇದ್ದಾನೆ.

ಪಂಚಾಕ್ಷರಿ


ವುಲ್ವರ್‌ಹ್ಯಾಂಪ್ಟನ್
18 ಜನವರಿ 2026

ಅಪ್ಪಾವರಿಗೆ ಶರಣು.

ನಿಮ್ಮ ಪತ್ರ ಇಟ್ಟು ಅರ್ಜಿ ಹಾಕಿದ್ದೆ, ಸರ್ಕಾರಿ ಕಚೇರಿಯಿಂದ ಉತ್ತರ ಬಂತು. ಅತಿಥಿಯಾಗಿ ಆಗಾಗ ಬಂದುಹೋದವರನ್ನು ನೆಲೆಸಿದವರು ಅನ್ನಲಾಗುವುದಿಲ್ಲವಂತೆ. ‘ಮಗಳ ಹಾಗೆ’ ಅಂದರೆ ಯಾವ ಸಂಬಂಧ ಎಂಬುದೂ ಅವರಿಗೆ ಗೊತ್ತಾಗಲಿಲ್ಲವಂತೆ. ಅವರನ್ನು ನಾನು ಬೈಯಲಾರೆ, ನನಗೇ ಇಷ್ಟು ವರ್ಷ ಗೊತ್ತಾಗಿಲ್ಲ.

ಅತಿಥಿ! ಹದಿಮೂರು ವರ್ಷ ಅತಿಥಿ! ಯಾವ ಅತಿಥಿ ಅಪ್ಪಾವರೇ ಬೆಳಗಾದರೆ ನಿಮ್ಮ ಕಾರಿನ ಗಾಜಿನ ಮೇಲಿನ ಹಿಮ ಕೆರೆದಳು? ಯಾವ ಅತಿಥಿ ನಿಮ್ಮ ಇಡೀ ಬಳಗಕ್ಕೆ ಜೋಳದ ರೊಟ್ಟಿ ಬಡಿದು, ಬಂದವರು ಎದ್ದುಹೋದ ಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಉಂಡಳು? ನಿವೇದಿತಾ ಹಾಲು ಕುಡಿದದ್ದು, ಹಲ್ಲು ಬಿದ್ದದ್ದು, ಕನ್ನಡ ಕಲಿತದ್ದು ಎಲ್ಲ ನನ್ನ ಸೊಂಟದ ಮೇಲೆ. ‘ಅ’ ಅಂದರೆ ಅರಸ ಅಂತ ನಾನು ಕಲಿಸಿದ್ದೆ. ಅತಿಥಿ ಅಂತ ಅವಳೇ ಕಲಿತಿದ್ದಾಳೆ.

ಇನ್ನೊಂದು ಮಾತು, ಇದನ್ನು ತಿದ್ದದೆ ಬಿಡುವುದು ಸರಿಯಲ್ಲ. ನನ್ನ ಮದುವೆ ನೀವು ಮಾಡಿಕೊಡಲಿಲ್ಲ. ರಿಜಿಸ್ಟರ್ ಕಚೇರಿಯಲ್ಲಿ ಮಲ್ಲಪ್ಪನವರ ಅಂಗಡಿಯ ಇಬ್ಬರು ಗಿರಾಕಿಗಳು ಸಾಕ್ಷಿ ಹಾಕಿದರು. ನೀವು ಬಂದಿರಲಿಲ್ಲ. ಎರಡು ವರ್ಷದ ಮೇಲೆ ಅಮೂಲ್ಯಾ ಹುಟ್ಟಿದಾಗ ಅಕ್ಕಾವರು ಫೋನ್ ಮಾಡಿದರು, ಚಟ್ನಿಪುಡಿ ಸಿಗುತ್ತದೇನು ಅಂತ.

ವಿಡಿಯೋದಲ್ಲಿ ಅವ್ವ ನನ್ನನ್ನು ನೋಡಿ ಏನು ಕೇಳುತ್ತಾಳೆ ಗೊತ್ತೇ? ‘ನೀಲಾ, ಸಾಲಿ ಸೂಟಿ ಬಿಟ್ಟಿಲ್ಲೇನವಾ ಇನ್ನಾ? ಯಾವಾಗ ಬರ್ತೀ?’ ಅವಳ ತಲೆಯಲ್ಲಿ ನಾನಿನ್ನೂ ಈ ದೇಶದ ಸಾಲಿಯಲ್ಲಿ ಓದುತ್ತಿದ್ದೇನೆ, ರಜೆ ಸಿಕ್ಕ ಕೂಡಲೇ ಬರುತ್ತೇನೆ. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ‘ನಿನ್ನ ಮಗಳ್ನ ಅಲ್ಲೆ ಸಾಲಿ ಕಲಿಸ್ತೇವಿ ಯವ್ವಾ, ಕಳಸು’ ಅಂತ ಅವಳಿಗೆ ಹೇಳಿದವರು ನೀವು. ಆ ಮಾತನ್ನು ಅವಳು ಮರೆತಿಲ್ಲ. ‘ಬರ್ತೇನಿ ಬಿಡ ಯವ್ವಾ, ಪರೀಕ್ಷಾ ಮುಗೀಲಿ’ ಅನ್ನುತ್ತೇನೆ.

ಕಡೆಯ ಸಲ ಕೇಳುತ್ತೇನೆ. ‘ಮಗಳು’ ಅಂತ ಬರೆದುಕೊಡಿ, ಇಲ್ಲ ‘ಕೆಲಸದವಳು’ ಅಂತ ಬರೆದುಕೊಡಿ. ಯಾವುದನ್ನು ಬರೆದರೂ ಹೋಗಿ ಅವ್ವನನ್ನು ನೋಡುತ್ತೇನೆ. ಸಮಾನ ಮಾತ್ರ ಬೇಡ.

ನೀಲಮ್ಮ


ಡಿಡ್ಸ್‌ಬರಿ
15 ಫೆಬ್ರುವರಿ 2026

ನೀಲಮ್ಮ,

ನಿನ್ನ ಪತ್ರ ಓದಿ ಶೋಭಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ರೊಟ್ಟಿಯ ಲೆಕ್ಕ, ಸ್ಟೂಲಿನ ಲೆಕ್ಕ! ನಮ್ಮ ಮನೆಯಲ್ಲಿ ಉಂಡು ಬೆಳೆದವಳು ಹೀಗೆ ಬರೆಯಬಲ್ಲಳು ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಇಂಥ ಕೃತಘ್ನತೆಗೆ ನಾವು ಏನು ಪಾಪ ಮಾಡಿದ್ದೆವು? ಅದು ಬೇರೆ ಕಾಲ. ಆಗ ಎಲ್ಲ ಡಾಕ್ಟರ ಮನೆಯಲ್ಲೂ ಊರಿಂದ ಬಂದ ಒಂದು ಹುಡುಗಿ ಇರುತ್ತಿತ್ತು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹದಿಮೂರರ ಹುಡುಗಿ ಕೆಲಸಕ್ಕಿದ್ದಳು ಅಂತ ನಾನು ಸಹಿ ಹಾಕಿ ಕೊಟ್ಟರೆ, ನಾಳೆ ಪೊಲೀಸರು ಬಂದು ಈ ವಯಸ್ಸಿನಲ್ಲಿ ನನ್ನ ಬಾಗಿಲು ತಟ್ಟಬೇಕೇ? ಅದೇ ನಿನ್ನ ಆಸೆಯೇ?

‘ಮಗಳು’ ಅಂತಲೂ ಬರೆಯಲು ಬರುವುದಿಲ್ಲ. ನಿವೇದಿತಾ, ಶ್ರೀಕಾಂತ್ ಇದ್ದಾರೆ. ಕಾಗದದಲ್ಲಿ ಮಗಳು ಅಂದರೆ ಅದರ ಹಿಂದೆ ಬೇಕಾದಷ್ಟು ಬರುತ್ತದೆ. ನೀನು ತಿಳಿದವಳು.

ಆದರೆ ನನ್ನ ಮನಸ್ಸು ಸಣ್ಣದಲ್ಲ. ಯೋಚಿಸಿ ಒಂದು ತೀರ್ಮಾನ ಮಾಡಿದ್ದೇನೆ. ಪುಸ್ತಕವನ್ನು ನಿನಗೇ ಅರ್ಪಿಸುತ್ತೇನೆ. ಮೊದಲ ಪುಟದಲ್ಲಿ ‘ಮಗಳ ಸಮಾನಳಾದ ನೀಲಮ್ಮನಿಗೆ’ ಅಂತ ಹಾಕು. ಜಗತ್ತೇ ನೋಡುವ ಹಾಗೆ. ಯಾವ ಸರ್ಕಾರಿ ಕಾಗದ ಇದಕ್ಕಿಂತ ದೊಡ್ಡದು? ಶೋಭಾ ಬೇಡ ಅಂದಳು, ನಾನು ಕೇಳಲಿಲ್ಲ.

ಏಳು, ಎಂಟು ಕಳಿಸಿದ್ದೇನೆ. ಈಗಾಗಲೇ ತಡವಾಗಿದೆ.

ಪಂಚಾಕ್ಷರಿ


ವುಲ್ವರ್‌ಹ್ಯಾಂಪ್ಟನ್
24 ಮಾರ್ಚ್ 2026

ಅಪ್ಪಾವರಿಗೆ,

ಯುಗಾದಿಯ ಮರುದಿನ ಅವ್ವ ಹೋದಳು.

ಮಣ್ಣು ಕೊಡುವುದನ್ನು ಫೋನಿನಲ್ಲಿ ನೋಡಿದೆ. ತಮ್ಮ ಹಿಡಿದುಕೊಂಡಿದ್ದ, ಅವ್ವನ ಮುಖ ಒಮ್ಮೆ ಕಾಣುತ್ತಿತ್ತು, ಒಮ್ಮೆ ಬರೀ ಆಕಾಶ ಕಾಣುತ್ತಿತ್ತು. ನಡುವೆ ಸಿಗ್ನಲ್ ಹೋಯಿತು. ಮತ್ತೆ ಬಂದಾಗ ಎಲ್ಲರೂ ಕೈ ತೊಳೆಯುತ್ತಿದ್ದರು.

ಏಳು ಮತ್ತು ಎಂಟನೇ ಅಧ್ಯಾಯ ಇದರ ಜೊತೆ ಇವೆ.

ನೀಲಮ್ಮ


ಡಿಡ್ಸ್‌ಬರಿ
10 ಏಪ್ರಿಲ್ 2026

ಚಿ. ನೀಲಮ್ಮಳಿಗೆ ಆಶೀರ್ವಾದಗಳು.

ಸುದ್ದಿ ಓದಿ ಬಹಳ ಬೇಸರವಾಯಿತು. ತುಂಬು ಬಾಳು ಬಾಳಿದ ಜೀವ, ಶಿವನ ಪಾದ ಸೇರಿತು. ನಿನ್ನ ತಾಯಿಯವರ ಹೆಸರು ಮರೆತಿದ್ದೇನೆ, ಬರೆದು ಕಳಿಸು, ಪುಸ್ತಕದ ಕೃತಜ್ಞತೆಯ ಪಟ್ಟಿಯಲ್ಲಿ ಸೇರಿಸೋಣ. ಇನ್ನು ನೀನು ಆ ಸರ್ಕಾರಿ ಕಾಗದದ ತಲೆನೋವನ್ನೂ ಬಿಡಬಹುದು. ಅಲ್ಲಿ ಹೋಗಿ ಮಾಡುವುದಾದರೂ ಏನಿದೆ?

ನನಗೆ ಕಣ್ಣಿನ ಪೊರೆ ತೆಗೆಯುವ ಆಪರೇಷನ್ ಆಗಿದೆ. ಅಕ್ಷರಗಳು ಇರುವೆಯ ಹಾಗೆ ಹರಿದಾಡುತ್ತವೆ, ಶೋಭಾಳೇ ಅಷ್ಟಿಷ್ಟು ಓದಿ ಹೇಳುತ್ತಾಳೆ, ಅದೂ ಅವಳಿಗೆ ಮನಸ್ಸಿದ್ದಾಗ. ಸಂಘದವರು ಹಾಲ್ ಬುಕ್ ಮಾಡಿಯಾಗಿದೆ. ಹುಬ್ಬಳ್ಳಿಯ ಮುದ್ರಣಾಲಯದವರು ಮೇ ಮುಗಿಯುವುದರೊಳಗೆ ಎಲ್ಲ ಕೊಡಿ ಅನ್ನುತ್ತಿದ್ದಾರೆ. ಕಡೆಯ ಎರಡು ಅಧ್ಯಾಯ ಕಳಿಸಿದ್ದೇನೆ. ದುಃಖದಲ್ಲಿ ಕೆಲಸವೇ ಔಷಧಿ. ಡಾಕ್ಟರಾಗಿ ಹೇಳುತ್ತಿದ್ದೇನೆ.

ಪಂಚಾಕ್ಷರಿ


ವುಲ್ವರ್‌ಹ್ಯಾಂಪ್ಟನ್
8 ಮೇ 2026

ಡಾಕ್ಟರ್ ಸಾಹೇಬರಿಗೆ,

ಪೂರ್ತಿ ಪುಸ್ತಕ ಟೈಪ್ ಆಗಿದೆ. ಒಂದು ಮುದ್ರಿತ ಪ್ರತಿ ಇಲ್ಲಿದೆ. ಅವ್ವನ ಹೆಸರನ್ನು ನಿಮ್ಮ ಪಟ್ಟಿಗೆ ಸೇರಿಸುವುದು ಬೇಡ.

ಅರ್ಪಣೆಯ ಪುಟದಲ್ಲಿ ತಪ್ಪಿತ್ತು. ‘ಮಗಳ ಸಮಾನ’ ಎಂದಿದ್ದಲ್ಲಿ, ನಡೆದದ್ದು ಹೇಗೋ ಹಾಗೆ ಬರೆದಿದ್ದೇನೆ. ಉಳಿದ ಪುಟ ಓದದಿದ್ದರೂ ಪರವಾಗಿಲ್ಲ, ಈ ಒಂದು ಪುಟ ನೀವು ಓದಲೇಬೇಕು. ಶೋಭಾ ಅಕ್ಕಾವರಿಂದ ಓದಿಸಿಯಾದರೂ ಕೇಳಿ. ಸುಳ್ಳು ಇದ್ದರೆ ಹೊಡೆದುಹಾಕಿ. ಸರಿ ಇದ್ದರೆ ಮಾತ್ರ ಆ ಪುಟದ ಕೆಳಗೆ ಸಹಿ ಹಾಕಿ, ತಿರುಗಿ ನನಗೆ ಕಳಿಸಿ. ಆಮೇಲೆಯೇ ಹುಬ್ಬಳ್ಳಿಗೆ ಕಳಿಸುತ್ತೇನೆ.

ನೀಲಮ್ಮ


ಡಿಡ್ಸ್‌ಬರಿ
14 ಮೇ 2026

ಚಿ. ನೀಲಮ್ಮಳಿಗೆ,

ಅಬ್ಬಾ, ಗಂಗೆ ಮಿಂದ ಹಾಗಾಯಿತು! ಪ್ರತಿಯೊಂದು ಪುಟಕ್ಕೂ ಸಹಿ ಹಾಕಿದ್ದೇನೆ, ಅರ್ಪಣೆಗೂ ಹಾಕಿದ್ದೇನೆ. ಓದುವುದು ಏನಿದೆ? ಕಣ್ಣು ಇನ್ನೂ ಸರಿಹೋಗಿಲ್ಲ, ಶೋಭಾಳಿಗೆ ಅದನ್ನು ಓದು ಅಂದರೆ ಹಳೇ ರಾಮಾಯಣ ಶುರುವಾಗುತ್ತದೆ. ಇಷ್ಟು ವರ್ಷದಲ್ಲಿ ನೀನು ತಿದ್ದಿದ್ದು ಎಂದಾದರೂ ತಪ್ಪಾಗಿದೆಯೇ? ಭಾಷೆ ಇನ್ನಷ್ಟು ಚೆಂದ ಮಾಡಿರುತ್ತೀ, ಅಷ್ಟೇ ತಾನೇ. ಕೊನೆಗೂ ನಿನಗೆ ಅರ್ಪಣೆಯ ಬೆಲೆ ತಿಳಿಯಿತಲ್ಲ, ನನಗೆ ಅದೇ ಸಂತೋಷ.

ಜುಲೈ ನಾಲ್ಕಕ್ಕೆ ತಪ್ಪದೆ ಬಾ. ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ಊಟಕ್ಕೆ ನೂರು ಜನ ಆಗುತ್ತಾರೆ, ರೊಟ್ಟಿಯ ವ್ಯವಸ್ಥೆ ನೀನು ನೋಡಿಕೊಂಡರೆ ಸಂಘದವರಿಗೆ ದೊಡ್ಡ ಉಪಕಾರ.

ಪಂಚಾಕ್ಷರಿ


ಡಿಡ್ಸ್‌ಬರಿ
7 ಜುಲೈ 2026

ನೀಲಮ್ಮ,

ನೀನು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಈಗ ತಿಳಿಯಿತು.

ಸಂಘದ ಅಧ್ಯಕ್ಷ ಶ್ರೀರಂಗ ಪುಸ್ತಕದ ಕಟ್ಟು ಬಿಚ್ಚಿದ, ಮೊದಲ ಪುಟ ತೆಗೆದ, ‘ಲೇಖಕರ ದೊಡ್ಡತನ ಕೇಳಿ’ ಅಂತ ಮೈಕಿನಲ್ಲಿ ಓದಿಬಿಟ್ಟ. ‘1984ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಸಾಲಿ ಕಲಿಸುತ್ತೇವೆಂದು ತಾಯಿಗೆ ಮಾತು ಕೊಟ್ಟು ಕರೆತಂದು, ಸಾಲಿಗೆ ಕಳಿಸದೆ, 1997ರವರೆಗೆ ನಮ್ಮ ಮನೆಯಲ್ಲಿ ಕೆಲಸಕ್ಕೆ ಇಟ್ಟುಕೊಂಡಿದ್ದ ನೀಲಮ್ಮನಿಗೆ.’ ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ಎದ್ದು ನಿಂತು ತಟ್ಟಿದರು. ಎಂಥ ಪ್ರಾಮಾಣಿಕತೆ, ಇಂಥ ಮಾತು ಬರೆಯಲು ಎಂಟೆದೆ ಬೇಕು ಅಂತ ಜನ ನನ್ನ ಕೈ ಹಿಡಿದುಕೊಂಡು ಅತ್ತರು. ಸುಳ್ಳು ಅನ್ನಲೇ? ನನ್ನದೇ ಪುಸ್ತಕ, ನನ್ನದೇ ಸಹಿ! ನಿಂತು ಕೈ ಮುಗಿದೆ. ಅದನ್ನೂ ದೊಡ್ಡತನ ಅಂದುಕೊಂಡರು.

ನಿವೇದಿತಾ ಊಟ ಮಾಡದೆ ಲೀಡ್ಸಿಗೆ ಹೋದಳು. ‘ಸಾಲಿಯ ವಿಷಯ ನನಗೆ ಯಾಕೆ ಹೇಳಲಿಲ್ಲ?’ ಅಂತ ಕೇಳಿದಳು, ಆಮೇಲೆ ನನ್ನ ಫೋನ್ ಎತ್ತುತ್ತಿಲ್ಲ.

ಸಾಕಿದ ಗಿಣಿ ಹದ್ದಾಯಿತು. ಇರಲಿ. ಈಗ ನೀನು ಮಾಡಬೇಕಾದದ್ದು ಇಷ್ಟೇ: ‘ಅರ್ಪಣೆಯ ಪುಟದಲ್ಲಿ ಟೈಪಿಂಗಿನ ತಪ್ಪಾಗಿದೆ’ ಅಂತ ಒಂದು ಸಾಲು ಬರೆದು ಸಹಿ ಮಾಡಿಕೊಡು. ಶ್ರೀರಂಗನಿಗೆ ತೋರಿಸುತ್ತೇನೆ. ಎರಡನೇ ಮುದ್ರಣದಲ್ಲಿ ಮೊದಲಿನ ಹಾಗೆ ‘ಮಗಳ ಸಮಾನ’ ಅಂತಲೇ ಹಾಕುತ್ತೇನೆ. ಒಂದೇ ಸಾಲು ಕೇಳುತ್ತಿದ್ದೇನೆ, ಹೆಚ್ಚಿನದೇನಲ್ಲ. ನನ್ನ ಮರ್ಯಾದೆ ಉಳಿಸು.

ಪಂಚಾಕ್ಷರಿ


ವುಲ್ವರ್‌ಹ್ಯಾಂಪ್ಟನ್
12 ಸೆಪ್ಟೆಂಬರ್ 2026

ಡಾ. ಪಂಚಾಕ್ಷರಿಯವರಿಗೆ,

ನಿಮ್ಮ ಪತ್ರಕ್ಕೆ ಉತ್ತರ ತಡವಾಯಿತು. ಯೋಚಿಸುತ್ತಿದ್ದೆ.

ಟೈಪಿಂಗಿನ ತಪ್ಪು ಯಾವುದು ಅಂತ ಗುರುತು ಹಾಕಿ ಕಳಿಸಿ. ಇಸವಿ ತಪ್ಪೋ, ನನ್ನ ವಯಸ್ಸು ತಪ್ಪೋ, ಸಾಲಿ ತಪ್ಪೋ, ಕೆಲಸ ತಪ್ಪೋ? ಕಾಗುಣಿತ ನಾನು ಮೂರು ಸಲ ನೋಡಿದ್ದೇನೆ. ಕೇಳದೆ ತಿದ್ದು ಅಂದಿದ್ದಿರಿ, ನಾನು ಕೇಳಿಯೇ ತಿದ್ದಿದೆ. ಓದಿ ಅಂತ ಕೈಮುಗಿದು ಬರೆದೆ. ನಾನು ಬರೆದದ್ದನ್ನು ನೀವು ಎಂದೂ ಓದಲಿಲ್ಲ, ಅದಕ್ಕೆ ನಾನೇನು ಮಾಡಲಿ?

ನಿಮ್ಮ ಸಹಿ ಇದ್ದ ಆ ಪುಟವನ್ನು ಅಮೂಲ್ಯಾ ಕಚೇರಿಗೆ ಕಳಿಸಿದಳು. ಬಿಡುಗಡೆಯ ದಿನ ಸಭೆಯಲ್ಲಿದ್ದ ಮೂವರು ಹೆಂಗಸರು ತಾವಾಗಿ ಫೋನ್ ಮಾಡಿ ಅವರೂ ಬರೆದುಕೊಟ್ಟರು: ಎಂಬತ್ತೈದರ ದಸರೆಯಲ್ಲಿ ಈಕೆ ನಮಗೆ ಬಡಿಸಿದ್ದು ಕಂಡಿದ್ದೇವೆ, ಚಿಕ್ಕ ಹುಡುಗಿ, ಮೈಗೆ ದೊಡ್ಡದಾದ ಸ್ವೆಟರ್ ಹಾಕಿದ್ದಳು ಅಂತ. ಸ್ವೆಟರ್ ಕೂಡ ಅವರಿಗೆ ನೆನಪಿತ್ತು! ಇಷ್ಟು ವರ್ಷ ಸಂಘದ ಊಟದಲ್ಲಿ ನನ್ನ ಎದುರಿಗೇ ಕೂತು ರೊಟ್ಟಿ ಹಾಕಿಸಿಕೊಂಡವರು, ನೀವು ಹೇಳಿದಿರಿ ಅಂದ ಮೇಲೆಯೇ ಬಾಯಿ ಬಿಟ್ಟರು. ಅವರಿಗೆ ನಾನು ಥ್ಯಾಂಕ್ಸ್ ಹೇಳಿದೆ. ಆದರೆ ಮನಸ್ಸು ಒಪ್ಪಲಿಲ್ಲ.

ನಿವೇದಿತಾ ನನಗೂ ಫೋನ್ ಮಾಡುತ್ತಿದ್ದಾಳೆ. ಮೊದಲ ದಿನ ಎತ್ತಬೇಕು ಅನ್ನಿಸಿತು. ಎತ್ತಲಿಲ್ಲ. ಅತಿಥಿ ಎಂಬ ಶಬ್ದವನ್ನು ಅವಳು ಆರಿಸಿ ಹಾಕಿದಾಗ ಅವ್ವನಿಗೆ ಇನ್ನೂ ಉಸಿರಿತ್ತು.

ಕಳೆದ ಸೋಮವಾರ ನನ್ನ ಕಾಗದ ಬಂತು. 1984ರಿಂದ ಈ ದೇಶದಲ್ಲಿ ನೆಲೆಸಿದವಳು ಅಂತ ಬರೆದಿದ್ದಾರೆ. ನಾಲ್ಕನೇ ಅಧ್ಯಾಯದ ಓನಾ ಮುದುಕಿಯಾಗಿ ಸಾಯುವವರೆಗೂ ಕಾಗದದಲ್ಲಿ ಓಡಿಹೋದ ಗುಲಾಮಳಾಗಿಯೇ ಉಳಿದಳು ಅಂತ ನೀವೇ ಬರೆದಿದ್ದೀರಿ. ಅವಳಿಗೆ ಸಿಗದ್ದು ನನಗೆ ಸಿಕ್ಕಿದೆ, ಸಂತೋಷ ಪಡಬೇಕು. ಆಗುತ್ತಿಲ್ಲ. ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಬಹಳ ಹೊತ್ತು ಅತ್ತೆ. ಕೇಳಿದಾಗಲೇ ನಿಮ್ಮ ಒಂದು ಸಾಲು ಸಿಕ್ಕಿದ್ದರೆ ಅವ್ವನ ಕೈ ಹಿಡಿದುಕೊಂಡು, ಸೂಟಿ ಬಿಟ್ಟಿತು ಯವ್ವಾ ಅಂತ ಹೇಳುತ್ತಿದ್ದೆ. ಸಿಟ್ಟು ಹೋಗುತ್ತದೆ ಅಂತ ಅಮೂಲ್ಯಾ ಹೇಳುತ್ತಾಳೆ. ಹೋಗುವುದು ನನಗೆ ಬೇಕಾಗಿಲ್ಲ.

ಮುಂದಿನ ತಿಂಗಳು ಊರಿಗೆ ಹೋಗುತ್ತೇನೆ. ಅಲ್ಲಿ ಹೋಗಿ ಮಾಡುವುದೇನಿದೆ ಅಂತ ಕೇಳಿದ್ದಿರಿ. ಅವ್ವನಿಗೆ ಮಣ್ಣು ಕೊಟ್ಟ ಜಾಗದಲ್ಲಿ ಇನ್ನೂ ಕಲ್ಲು ನೆಟ್ಟಿಲ್ಲ, ನಾನು ಬರಲಿ ಅಂತ ತಮ್ಮ ಕಾಯುತ್ತಿದ್ದಾನೆ. ಕಲ್ಲಿನ ಮೇಲೆ ಹೆಸರು ಬರೆಸಬೇಕು.

ನಿಮ್ಮ ಕೈಬರಹದ ಹಾಳೆಗಳನ್ನು ತಿರುಗಿ ಕಳಿಸಿದ್ದೇನೆ. ಎರಡನೇ ಮುದ್ರಣಕ್ಕೆ ಬೇರೆಯವರನ್ನು ನೋಡಿಕೊಳ್ಳಿ. ಚಟ್ನಿಪುಡಿ ಇಟ್ಟಿಲ್ಲ.

‘ನಿನ್ನ ತಾಯಿಯವರ ಹೆಸರು ಮರೆತಿದ್ದೇನೆ, ಬರೆದು ಕಳಿಸು’ ಅಂದಿದ್ದಿರಿ. ಕೆಳಗೆ ಬರೆದಿದ್ದೇನೆ.

ಇಂತಿ,
ಲಕ್ಷ್ಮೇಶ್ವರದ ಕಲ್ಲವ್ವನ ಮಗಳು
ನೀಲಮ್ಮ